ಸೋಮವಾರ ಮಲಗುವ ಪೆಟ್ಟಿಗೆ

ಜೂನ್ 2, 2025, ಸೋಮವಾರ. ಮಸ್ಕಿ

ಇದು ದಿನಚರಿಯಲ್ಲ. ದಿನಚರಿ ಬರೆಯುವಷ್ಟು ಪುರುಸೊತ್ತು ನನಗಿಲ್ಲ. ಇದು ಪೆಟ್ಟಿಗೆಯ ದಾಖಲೆ. ಸಿಂಧನೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ದಾದೇಸಾಬ ಫೋನಿನಲ್ಲಿ ಹೇಳಿದ: ಪೆಟ್ಟಿಗೆ ಯಾವಾಗ ಮಲಗುತ್ತದೆ, ಯಾರು ಎಬ್ಬಿಸಿದರು, ಆಗ ಏನೇನಾಯಿತು, ಒಂದನ್ನೂ ಬಿಡದೆ ಬರೆದಿಡು, ರೋಗ ಅದರಲ್ಲೇ ಸಿಗುತ್ತದೆ ಅಂತ. ಗೊಬ್ಬರದ ಕಂಪನಿಯವರು ಕೊಟ್ಟ ಡೈರಿ ಜನವರಿಯಿಂದ ಖಾಲಿ ಬಿದ್ದಿತ್ತು. ಅದರಲ್ಲಿ ಬರೆಯುತ್ತಿದ್ದೇನೆ.

ಪೆಟ್ಟಿಗೆ ಅಂದರೆ ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ದೊಡ್ಡ ಕರಿ ಡಬ್ಬಿ. ಒಳಗೆ ಎರಡು ಹಾರ್ಡ್ ಡಿಸ್ಕ್. ಒಂದರಲ್ಲಿ ಇರುವುದೇ ಇನ್ನೊಂದರಲ್ಲೂ ಇರುತ್ತದೆ, ಒಂದು ಸತ್ತರೆ ಇನ್ನೊಂದು ಇರಲಿ ಅಂತ. ವೈಫೈ ಡಬ್ಬಿಗೆ ವೈರು ಸಿಗಿಸಿರುವುದರಿಂದ ಇದರೊಳಗಿನ ಫೋಟೋಗಳನ್ನು ಬೇರೆ ಊರಲ್ಲಿ ಕೂತು ಕೂಡ ತೆರೆಯಬಹುದು. ನಮ್ಮ ಸ್ಟುಡಿಯೋದ ಆರು ವರ್ಷದ ಮದುವೆಗಳೆಲ್ಲ ಇದರಲ್ಲಿವೆ. ಇದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿದೆ. ತಂದು ಕೂರಿಸಿದವಳು ನನ್ನ ಹೆಂಡತಿ ಶಿವರಂಜನಿ, ಹೆಸರು ಅವಳಿಗೆ ಗೊತ್ತು. ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದಾಳೆ.

ಫೋಟೋ ತೆಗೆಯುವವನು ನಾನು. ಆಲ್ಬಮ್ ಜೋಡಿಸುವವಳು ಅವಳು. ಈಗ ಅವಳು ತವರಿನಲ್ಲಿದ್ದಾಳೆ, ಗುರುಗುಂಟದಲ್ಲಿ. ದಿನಾ ಹತ್ತಕ್ಕೆ ಅಲ್ಲಿಂದಲೇ ಕೆಲಸಕ್ಕೆ ಕೂರುತ್ತಾಳೆ. ನಮ್ಮ ಮಾವ ಅಮರಗುಂಡಪ್ಪನವರಿಗೆ ಕಣ್ಣಿನ ಪೊರೆ ತೆಗೆಸಿದ್ದಾರೆ, ಹನಿ ಹಾಕಲು ಜನ ಬೇಕಂತೆ. ಹೋಗಿ ಒಂಬತ್ತು ದಿನ. ಹೋಗಲು ಇನ್ನೊಂದು ಸಣ್ಣ ಕಾರಣವೂ ಇದೆ, ಅದು ಈ ದಾಖಲೆಗೆ ಸಂಬಂಧಿಸಿದ್ದಲ್ಲ.

ಇವತ್ತು ಬೆಳಿಗ್ಗೆ ಹತ್ತಕ್ಕೆ ಅವಳ ಫೋನ್ ಬಂತು. "ಪೆಟ್ಟಿಗಿ ಮಲಗೇತಿ. ಎಬ್ಬಸ್ರಿ." ಅಷ್ಟೇ. ನೋಡಿದರೆ ನಿಜ, ಒಂದು ದೀಪವೂ ಇಲ್ಲ. ಮುಂದಿನ ಗುಂಡಿ ಒತ್ತಿದೆ. ನೀಲಿ ದೀಪ ಮಿನುಗಿ, ಎರಡು ನಿಮಿಷಕ್ಕೆ ಒಮ್ಮೆ ಕುಂಯ್ ಅಂದು ಹಸಿರಾಯಿತು.

ಮಲಗಿದ ಕಾರಣ: ತಿಳಿಯದು. ಕರೆಂಟು ಹೋಗಿರಲಿಲ್ಲ, ಹೋದರೂ ಇನ್ವರ್ಟರ್ ಇದೆ. ಮಾತು: ಹದಿನಾಲ್ಕು ಸೆಕೆಂಡ್. ಒಂದನ್ನೂ ಬಿಡಬೇಡ ಅಂದಿದ್ದಾನೆ, ಅದಕ್ಕೆ ಬರೆದೆ.

ಜೂನ್ 4, ಬುಧವಾರ

ಪೆಟ್ಟಿಗೆ ಎಚ್ಚರವಿತ್ತು. ಫೋನ್ ಇಲ್ಲ.

ಜೂನ್ 9, ಸೋಮವಾರ

ಮತ್ತೆ ಮಲಗಿತು. ಹತ್ತು ಗಂಟೆಗೆ ಫೋನ್. ಈ ಸಲ ಗುಂಡಿಯನ್ನು ಒತ್ತಿ ಹಿಡಿದುಬಿಟ್ಟೆ. ಎದ್ದದ್ದು ಮತ್ತೆ ಮಲಗಿತು. ಒತ್ತಿ ಬಿಡಬೇಕು, ಕುತ್ತಿಗೆ ಹಿಚುಕಿದಂತೆ ಹಿಡಿಯಬಾರದು ಅಂತ ಅವಳು ಹೇಳಿದಳು. ಹೇಳಿದ ರೀತಿ ಸರಿ ಇರಲಿಲ್ಲ. ನಾನು ಇಪ್ಪತ್ತು ವರ್ಷದಿಂದ ಕ್ಯಾಮೆರಾದ ಗುಂಡಿ ಒತ್ತಿದವನು.

ಮಾತು: ನಲವತ್ತೊಂದು ಸೆಕೆಂಡ್.

ಆ ಸಣ್ಣ ಕಾರಣವನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ತಲೆಯಲ್ಲೇ ತಿರುಗುತ್ತಿರುತ್ತದೆ. ಲಿಂಗಸೂಗೂರಿನಲ್ಲಿ ಬೀಜದ ಅಂಗಡಿ ಇರುವ ಸಂಗನಬಸವ ಸಾವಕಾರರ ಮಗಳ ಮದುವೆ ಫೆಬ್ರವರಿಯಲ್ಲಿ ಆಯಿತು. ಮೇ ತಿಂಗಳಲ್ಲಿ ಆಲ್ಬಮ್ ಒಯ್ಯಲು ಅವರೇ ಸ್ಟುಡಿಯೋಕ್ಕೆ ಬಂದರು. ಒಂದೊಂದು ಪುಟ ತಿರುವುತ್ತ, ಎಷ್ಟು ಚಂದ ಜೋಡಿಸಿದ್ದೀರಿ, ಯಾರು ಮಾಡಿದ್ದು ಅಂತ ಕೇಳಿದರು. ನಾನು, ಫೋಟೋ ಚಂದ ಇದ್ದರೆ ಆಲ್ಬಮ್ ತಾನೇ ಚಂದ ಆಗುತ್ತದೆ, ಜೋಡಿಸುವುದೇನು, ಮನೆಯಲ್ಲಿ ಕೂತು ಮೌಸ್ ಒತ್ತುವ ಕೆಲಸ ಅಂದೆ. ಪರದೆಯ ಹಿಂದೆ ರಂಜನಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಚಹಾ ಕೊಟ್ಟಳು, ಸಕ್ಕರೆ ಬೇಕೇ ಅಂತಲೂ ಕೇಳಿದಳು. ಮರುದಿನ ಅವಳಿಗೆ ಅಪ್ಪನ ಕಣ್ಣಿನ ನೆನಪಾಯಿತು.

ವ್ಯಾಪಾರದಲ್ಲಿ ಮಾತು ಬರುತ್ತದೆ, ಹೋಗುತ್ತದೆ. ಎಲ್ಲವನ್ನೂ ಹಿಡಿದು ಕೂತರೆ ಹೇಗೆ?

ಜೂನ್ 11, ಬುಧವಾರ. ಕಾರ ಹುಣ್ಣಿಮೆ

ಪೆಟ್ಟಿಗೆ ಎಚ್ಚರವಿತ್ತು. ಫೋನ್ ಇಲ್ಲ.

ಅವ್ವ ಹೋಳಿಗೆ ಮಾಡಿದ್ದಳು. ನಮ್ಮ ಮನೆಯಲ್ಲಿ ಎತ್ತು ಮಾರಿ ಹನ್ನೆರಡು ವರ್ಷವಾದರೂ ಅವಳು ಕಾರ ಹುಣ್ಣಿಮೆ ಬಿಟ್ಟಿಲ್ಲ. ಪಕ್ಕದ ಮನೆಯ ಎತ್ತಿಗೆ ಆರತಿ ಮಾಡಿ ಬಂದು, ಪೆಟ್ಟಿಗೆಗೂ ವಿಭೂತಿ ಬಳಿದು, ಬಣ್ಣದ ಗೊಂಡೆ ಕಟ್ಟಿದ್ದಾಳೆ. ಗಾಳಿ ಆಡುವ ತೂತುಗಳ ಮೇಲೆ ವಿಭೂತಿ ಕೂತಿತ್ತು, ಒರೆಸಿದೆ. ಗೊಂಡೆ ಇರಲಿ ಅಂತ ಬಿಟ್ಟೆ.

ರಂಜನಿಗೆ ಇದರ ಫೋಟೋ ಕಳಿಸೋಣ ಅನಿಸಿತು. ಕಳಿಸಲಿಲ್ಲ. ಮೊದಲು ನಾನೇಕೆ ಕಳಿಸಬೇಕು?

ಜೂನ್ 16, ಸೋಮವಾರ

ರೋಗ ಸಿಕ್ಕಿತು.

ಎರಡು ಸಲವೂ ಸೋಮವಾರವೇ ಮಲಗಿದೆ ಅಂತ ನಿನ್ನೆ ಡೈರಿ ತಿರುವುವಾಗ ಕಂಡಿತು. ದಾದೇಸಾಬನ ಮಾತಿನಲ್ಲಿ ಹುರುಳಿದೆ. ಇವತ್ತು ಐದೂವರೆಗೆ ಎದ್ದು ಪೆಟ್ಟಿಗೆಯ ಎದುರು ಕುರ್ಚಿ ಹಾಕಿ ಕೂತೆ. ಆರು ಗಂಟೆಗೆ ಅವ್ವ ಸ್ನಾನ ಮಾಡಿ ಬಂದಳು. ಜಗಲಿಯ ಲಿಂಗಕ್ಕೆ ಪೂಜೆ ಮಾಡಿದಳು, ಪೆಟ್ಟಿಗೆಗೆ ಕೈ ಮುಗಿದಳು, ಗೋಡೆಯ ಸ್ವಿಚ್ಚು ಟಪ್ಪಂತ ಆರಿಸಿದಳು. ಹಸಿರು ದೀಪ ಹೋಯಿತು. ಮನಸ್ಸಿನಲ್ಲೇ ಐದು ಎಣಿಸಿ ಮತ್ತೆ ಸ್ವಿಚ್ಚು ಹಾಕಿದಳು.

ಇದೇನು ಮಾಡುತ್ತಿದ್ದೀಯ ಅಂತ ಕೇಳಿದೆ. ಅವಳು ಗಾಬರಿಯೇನೂ ಆಗಲಿಲ್ಲ.

"ಆರು ದಿನ ಹಗಲೂ ರಾತ್ರಿ ಗುಂಯ್ ಅಂತ ದುಡಿತೈತಿ. ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡ್ತಾರೇನು? ಇದಕ್ಕ ಬಾಯಿಲ್ಲಂತ ದುಡಿಸಿ ಸಾಯಿಸ್ತೀರೇನು?"

ಸ್ವಿಚ್ಚು ಮತ್ತೆ ಏಕೆ ಹಾಕುತ್ತೀ ಅಂದೆ. ವೈಫೈ ಡಬ್ಬಿಗೂ ಅದೇ ಸ್ವಿಚ್ಚಂತೆ, ಅದು ಆರಿದರೆ ಅವಳ ಫೋನಿನಲ್ಲಿ ಸ್ವಾಮಿಗಳ ಪ್ರವಚನ ಬರುವುದಿಲ್ಲವಂತೆ. ವೈಫೈ ತಾನಾಗಿ ಎದ್ದುಬಿಡುತ್ತದೆ, ಪೆಟ್ಟಿಗೆ ಮಾತ್ರ ಪಾಪ ಮಲಗಿಯೇ ಇರುತ್ತದೆ, ಅಷ್ಟು ದಣಿದಿದೆ ಅಂದಳು.

ಹೀಗೆ ಏಕಾಏಕಿ ಕರೆಂಟು ತೆಗೆದರೆ ಒಳಗಿನ ಡಿಸ್ಕು ಕೆಡುತ್ತದೆ, ಆರು ವರ್ಷದ ಮದುವೆಗಳು ಹೋಗುತ್ತವೆ, ಜನ ಬಂದು ನನ್ನ ಅಂಗಿ ಹಿಡಿಯುತ್ತಾರೆ ಅಂತ ಬಿಡಿಸಿ ಹೇಳಿದೆ. ದನಿ ಸ್ವಲ್ಪ ಏರಿತ್ತು. ಅವ್ವ ಕೇಳಿಸಿಕೊಂಡು, ಊದುಬತ್ತಿಯ ಬೂದಿ ಒರೆಸುತ್ತ ಹೇಳಿದಳು:

"ಆತು, ಪೆಟ್ಟಿಗಿದು ಬಿಡು. ಆ ಹುಡುಗಿಗೆ ಒಂದ ಸೋಮವಾರ ಕೊಟ್ಟೀಯೇನು ಆರು ವರ್ಷದಾಗ?"

ಇದು ಪೆಟ್ಟಿಗೆಗೆ ಸಂಬಂಧಿಸಿದ್ದಲ್ಲ. ಆದರೂ ಬರೆದಿದ್ದೇನೆ.

ಹತ್ತಕ್ಕೆ ರಂಜನಿಯ ಫೋನ್. ಕಾರಣ ಹೇಳಿದೆ. ನಕ್ಕಳು. ಅತ್ತಿ ಗೊಂಡೆ ಕಟ್ಟ್ಯಾರೇನು ಅಂತ ಕೇಳಿದಳು. ಕಟ್ಟಿದ್ದಾಳೆ, ಕೆಂಪು ಮತ್ತು ಹಸಿರು ಅಂದೆ. ಮತ್ತೆ ನಕ್ಕಳು. ಅತ್ತೆ ಅನ್ನುವುದರಲ್ಲೂ ನ್ಯಾಯವಿದೆ, ಸೋಮವಾರ ನೀವೇ ಗುಂಡಿ ಒತ್ತಿ ಕ್ರಮದಲ್ಲಿ ಆರಿಸಿರಿ, ಆ ದಿನ ನಾನೂ ಕೆಲಸ ಮುಟ್ಟುವುದಿಲ್ಲ ಅಂತ ತೀರ್ಮಾನ ಕೊಟ್ಟಳು. ಆರಿಸುವುದಕ್ಕೂ ಅದೇ ಗುಂಡಿ, ಮೂರು ಸೆಕೆಂಡ್ ಒತ್ತಬೇಕು, ಅದಕ್ಕಿಂತ ಹೆಚ್ಚಲ್ಲ.

ಮಾತು: ನಾಲ್ಕು ನಿಮಿಷ ಹತ್ತು ಸೆಕೆಂಡ್. ಇಲ್ಲಿಗೆ ದಾಖಲೆ ಮುಗಿಯಿತು. ದಾದೇಸಾಬನಿಗೆ ಹೇಳಬೇಕು.

ಜೂನ್ 18, ಬುಧವಾರ

ದಾಖಲೆ ಮುಗಿದಿದೆ. ಆದರೂ ಅಭ್ಯಾಸವಾಗಿದೆ, ಒಂದು ಸಾಲು ಬರೆಯುತ್ತೇನೆ. ಪೆಟ್ಟಿಗೆ ಎಚ್ಚರವಿತ್ತು.

ಜೂನ್ 19, ಗುರುವಾರ

ಎಚ್ಚರ.

ಜೂನ್ 20, ಶುಕ್ರವಾರ

ಎಚ್ಚರ. ಇದು ಮಲಗುವ ಲಕ್ಷಣವೇ ಕಾಣುವುದಿಲ್ಲ. ಹತ್ತು ಗಂಟೆಗೆ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಹಸೀನಾಬೀ ಅವರನ್ನು ಕೂರಿಸಿದ್ದೆ. ಯಾರ ಫೋನ್ ಬರಬೇಕಿತ್ತು, ಎಷ್ಟು ಸಲ ನೋಡುತ್ತೀಯಪ್ಪ, ನನ್ನ ಕಡೆ ನೋಡು ಅಂದರು. ಫೋಟೋದಲ್ಲಿ ಅವರ ಕಣ್ಣು ಮುಚ್ಚಿತ್ತು. ಮತ್ತೆ ತೆಗೆದೆ.

ಜೂನ್ 21, ಶನಿವಾರ

ಪೆಟ್ಟಿಗೆಯ ಮೇಲೆ ಧೂಳು ಕಂಡಿತು. ಧೂಳು ಒರೆಸಲೆಂದು ಹತ್ತು ಗಂಟೆಗೆ ನಾನೇ ಕ್ರಮದಲ್ಲಿ ಆರಿಸಿದೆ. ಒರೆಸಿದ ಮೇಲೆ ಮತ್ತೆ ಹಚ್ಚಲು ಮರೆತೆ. ಹತ್ತೂ ಇಪ್ಪತ್ತಕ್ಕೆ ರಂಜನಿ ಫೋನ್ ಮಾಡಿದಳು. ಧೂಳು ಅಂದೆ. ಸರಿ ಅಂದಳು. ಮಾವನ ಕಣ್ಣು ಹೇಗಿದೆ ಕೇಳಿದೆ. ಎದುರು ಮನೆಯ ಗೋಡೆಯ ಮೇಲಿನ ಸಣ್ಣ ಅಕ್ಷರವನ್ನೂ ಓದುತ್ತಿದ್ದಾರಂತೆ, ನನಗಿಂತ ಚೆನ್ನಾಗಿ. ಹಾಗಾದರೆ ಹನಿ ಇನ್ನೂ ಏಕೆ ಅಂತ ಕೇಳುವವನಿದ್ದೆ, ಕೇಳಲಿಲ್ಲ.

ಮಾತು: ಆರು ನಿಮಿಷ.

ಜೂನ್ 24, ಮಂಗಳವಾರ

ಧೂಳು. ಮಸ್ಕಿಯಲ್ಲಿ ಧೂಳು ಜಾಸ್ತಿ, ಬಸ್‌ಸ್ಟ್ಯಾಂಡಿನ ರಸ್ತೆ ಅಗೆದು ಹಾಗೇ ಬಿಟ್ಟಿದ್ದಾರೆ. ಹತ್ತಕ್ಕೆ ಆರಿಸಿದೆ. ಹತ್ತೂ ಹತ್ತಕ್ಕೆ ಫೋನ್.

ಮಾತು: ಒಂಬತ್ತು ನಿಮಿಷ.

ಜೂನ್ 26, ಗುರುವಾರ

ನಿನ್ನೆ ಮಣ್ಣೆತ್ತಿನ ಅಮಾವಾಸ್ಯೆ, ರಾತ್ರಿಯೆಲ್ಲ ಮಳೆ. ಧೂಳು ಇರಲಿಲ್ಲ. ತೇವ ಇರಬಹುದು ಅಂತ ಆರಿಸಿದೆ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಡಬ್ಬಿಯನ್ನು ವಾರಕ್ಕೆ ಮೂರು ಸಲ ಒರೆಸುತ್ತೀ, ಅದರ ಮೇಲಿನ ಜೇಡರ ಬಲೆ ಯುಗಾದಿಯಿಂದ ಹಾಗೇ ಇದೆಯಲ್ಲ ಅಂದಳು. ಬಲೆಯಿಂದ ಪೆಟ್ಟಿಗೆಗೆ ತೊಂದರೆ ಇಲ್ಲ ಅಂದೆ.

ರಂಜನಿ ಫೋನಿನಲ್ಲಿ ಆಲ್ಬಮ್ ಕೆಲಸ ಎಲ್ಲಿಗೆ ಬಂದಿದೆ ಅಂತ ಹೇಳಿದಳು. ಹಟ್ಟಿಯ ಗಣಿ ಕಾರ್ಮಿಕನೊಬ್ಬನ ಮಗನ ಮದುವೆಯಲ್ಲಿ ಹುಡುಗನ ಅಪ್ಪ ಒಂದು ಫೋಟೋದಲ್ಲೂ ನಕ್ಕಿಲ್ಲ. ಮುನ್ನೂರು ಫೋಟೋ ಹುಡುಕಿ, ಊಟದ ಸಾಲಿನ ಹಿಂದೆ ಮೂಲೆಯಲ್ಲಿ ಆತ ಯಾರಿಗೋ ಮಜ್ಜಿಗೆ ಬಡಿಸುತ್ತ ನಗುತ್ತಿರುವುದನ್ನು ಕಂಡುಹಿಡಿದು, ಅದನ್ನೇ ದೊಡ್ಡದು ಮಾಡಿ ಒಂದು ಪುಟಕ್ಕೆ ಹಾಕಿದ್ದಾಳಂತೆ. ಆ ಫೋಟೋ ನಾನೇ ತೆಗೆದದ್ದು. ಅದರಲ್ಲಿ ಆತ ಇದ್ದದ್ದು ನನಗೆ ಗೊತ್ತಿರಲಿಲ್ಲ.

ಮಾತು: ಹನ್ನೆರಡು ನಿಮಿಷ. ಅವಳು ಹೋಗಿ ಮೂವತ್ಮೂರು ದಿನ.

ಜೂನ್ 29, ಭಾನುವಾರ

ನಿನ್ನೆ ಸಿಂಧನೂರಿನ ಹತ್ತಿರ ಆರ್.ಎಚ್. ಕ್ಯಾಂಪಿನಲ್ಲಿ, ನಿರಾಶ್ರಿತರಾಗಿ ಬಂದು ನೆಲೆಸಿದ ಬಂಗಾಳಿಗಳ ಮದುವೆ. ಗೋಧೂಳಿ ಲಗ್ನ. ಅವರಲ್ಲಿ ಒಂದು ಪದ್ಧತಿ ಇದೆ: ಮದುಮಗಳನ್ನು ಮಣೆಯ ಮೇಲೆ ಕೂರಿಸಿ ಅಣ್ಣತಮ್ಮಂದಿರು ಎತ್ತಿಕೊಂಡು ಮದುಮಗನ ಸುತ್ತ ತರುತ್ತಾರೆ. ಅವಳು ಎರಡು ವೀಳ್ಯದೆಲೆಗಳಿಂದ ಮುಖ ಮುಚ್ಚಿಕೊಂಡಿರುತ್ತಾಳೆ. ಏಳನೇ ಸುತ್ತಿಗೆ ಎಲೆ ಇಳಿಸಿ ಅವನನ್ನು ನೋಡುತ್ತಾಳೆ. ಫೋಟೋದವನಿಗೆ ಸಿಗುವುದು ಒಂದೇ ಕ್ಷಣ, ಎಲೆ ಇಳಿಸಮ್ಮಾ ಇನ್ನೊಮ್ಮೆ ಅಂತ ಹೇಳುವ ಹಾಗಿಲ್ಲ.

ಐದನೇ ಸುತ್ತಿಗೆ ಕಿಸೆಯಲ್ಲಿ ಫೋನ್ ನಡುಗಿತು. ಆರನೇ ಸುತ್ತಿಗೂ ನಡುಗಿದಾಗ ಇಣುಕಿದೆ, ರಂಜನಿ. ಬೆಳಿಗ್ಗೆ ಬಿಟ್ಟು ಬೇರೆ ಹೊತ್ತಿನಲ್ಲಿ ಅವಳು ಫೋನ್ ಮಾಡಿದವಳೇ ಅಲ್ಲ. ಮಾವನಿಗೆ ಏನಾದರೂ ಆಯಿತೇ, ಅವಳಿಗೇ ಏನಾದರೂ ಆಯಿತೇ ಅನ್ನುವ ಯೋಚನೆ ಬಂತು. ಆದರೂ ಎಲೆ ಇಳಿದಾಗ ಒತ್ತಿದೆ. ಸಿಕ್ಕಿತು.

ಭತ್ತದ ಗದ್ದೆಯ ಬದುವಿಗೆ ಹೋಗಿ ತಿರುಗಿ ಫೋನ್ ಮಾಡಿದೆ. ಪೆಟ್ಟಿಗೆ ಮಲಗಿದೆ ಅಂದಳು. ಅಷ್ಟೇನಾ ಅಂದೆ. ಅಷ್ಟೇ ಅಂದಳು. ನಾನು ಮನೆಯಲ್ಲಿಲ್ಲ, ಕ್ಯಾಂಪಿನಲ್ಲಿದ್ದೇನೆ ಅಂದೆ. ಗೊತ್ತು ಅಂದಳು. ಆಮೇಲೆ ಬೆಳಕು ಹೇಗಿತ್ತು ಅಂತ ಕೇಳಿದಳು.

ನಾನು ಹೇಳತೊಡಗಿದೆ. ಎಲೆ ಇಳಿಸಿದ ಹುಡುಗಿ ಮದುಮಗನನ್ನು ನೋಡದೆ ಮೊದಲು ತನ್ನ ತಮ್ಮನ ಕಡೆ ನೋಡಿದ್ದು, ಮಣೆ ಹೊತ್ತು ಅವನ ಭುಜ ನೋಯುತ್ತಿದೆಯೇನೋ ಅಂತ. ಅದನ್ನು ಪುಟದಲ್ಲಿ ಹೇಗೆ ಕೂರಿಸುತ್ತೀ ಅಂದೆ. ಅವಳು ಸ್ವಲ್ಪ ಯೋಚಿಸಿ, ಎಡಕ್ಕೆ ಎಲೆ ಮುಚ್ಚಿದ್ದು ಒಂದು, ಬಲಕ್ಕೆ ತಮ್ಮನನ್ನು ನೋಡಿದ್ದು ಒಂದು, ನಡುವೆ ಏನೂ ಹಾಕುವುದಿಲ್ಲ, ಬಿಳಿ ಬಿಡುತ್ತೇನೆ ಅಂದಳು. ನನಗಾದರೆ ನಡುವೆ ಹೂವಿನ ಚೌಕಟ್ಟು ಹಾಕಬೇಕು ಅನಿಸುತ್ತಿತ್ತು. ನಾನೇ ಹಾಕಿ ಕೆಡಿಸುತ್ತಿದ್ದೆ ಅಂತ ಅವಳಿಗೆ ಹೇಳಿದೆ. ಹೌದು ಅಂದಳು, ಒಂದು ಕ್ಷಣವೂ ತಡಮಾಡದೆ.

ಊಟಕ್ಕೆ ಕರೆಯಲು ಬಂದ ಹಿರಿಯರು ಎರಡು ಸಲ ಬಂದು ಹಿಂದಿರುಗಿದರು. ಮೀನು ತಿನ್ನದವನೆಂದು ನನಗೆ ಬೇರೆ ಎಲೆ ಹಾಕಿಸಿದ್ದರು, ಅನ್ನ ಆರಿಹೋಗಿತ್ತು.

ಮಾತು: ಹತ್ತೊಂಬತ್ತು ನಿಮಿಷ. ಪೆಟ್ಟಿಗೆ ನಿನ್ನೆ ಇಡೀ ದಿನ ಹಸಿರು ದೀಪ ಹಚ್ಚಿಕೊಂಡೇ ಇತ್ತು ಅಂತ ಅವ್ವ ಹೇಳುತ್ತಾಳೆ. ಅವ್ವನಿಗೆ ದೀಪದ ವಿಷಯ ತಿಳಿಯುವುದಿಲ್ಲ.

ಜುಲೈ 2, ಬುಧವಾರ

ಬೆಳಿಗ್ಗೆ ಏಳಕ್ಕೆ ಪೆಟ್ಟಿಗೆ ಕಿರ್ರ್ ಕಿರ್ರ್ ಅಂತ ಕೂಗತೊಡಗಿತು. ನಿಲ್ಲಲೇ ಇಲ್ಲ. ಕೆಂಪು ದೀಪ. ಅವ್ವ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ. ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಸಿಂಧನೂರಿಗೆ ಒಯ್ದೆ. ದಾರಿಯುದ್ದಕ್ಕೂ ನನ್ನ ಕೈಯಿಂದಲೇ ಕೆಟ್ಟಿತಲ್ಲ, ರಂಜನಿಗೆ ಏನಂತ ಹೇಳಲಿ ಅನ್ನುವುದೊಂದೇ ಚಿಂತೆ. ಕೂಸನ್ನು ಆಸ್ಪತ್ರೆಗೆ ಒಯ್ಯುತ್ತಿದ್ದೇನೆ ಅಂದುಕೊಂಡು ಒಬ್ಬ ಮುದುಕಿ ಎದ್ದು ಸೀಟು ಕೊಟ್ಟಳು. ಕೂತೆ.

ದಾದೇಸಾಬ ಬಿಚ್ಚಿ ನೋಡಿದ. ಎರಡರಲ್ಲಿ ಒಂದು ಡಿಸ್ಕು ಹೋಗಿದೆ. ಇನ್ನೊಂದು ಗಟ್ಟಿ ಇದೆ, ಮದುವೆಗಳೆಲ್ಲ ಕ್ಷೇಮ. ಹೊಸ ಡಿಸ್ಕು ಹಾಕಿ ನಕಲು ಮಾಡಲು ಮೂರು ನಾಲ್ಕು ದಿನ. ಆಮೇಲೆ ಬರೆದ ದಾಖಲೆ ಎಲ್ಲಿ ಅಂತ ಕೇಳಿದ. ಮನೆಯಲ್ಲಿ ಮರೆತೆ ಅಂದೆ. ಚೀಲದಲ್ಲೇ ಇತ್ತು.

ಇರಲಿ, ಪೆಟ್ಟಿಗೆ ತಾನೂ ಒಂದು ದಾಖಲೆ ಬರೆಯುತ್ತದೆ ಅಂತ ಪರದೆಯ ಮೇಲೆ ತೆಗೆದ. ಇದು ಹೀಗೆಲ್ಲ ಬರೆಯುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಮೊದಲ ಮೂರು ಸೋಮವಾರ ಕರೆಂಟು ತೆಗೆದದ್ದು, ಆಮೇಲಿನ ಎರಡು ಸೋಮವಾರ ಬೆಳಿಗ್ಗೆ ಆರಕ್ಕೆ ಕ್ರಮದಲ್ಲಿ ಆರಿಸಿದ್ದು. ಉಳಿದದ್ದನ್ನೆಲ್ಲ ಅವನು ಬೆರಳಿಟ್ಟು ಓದಿದ. ಗುಂಡಿ ಒತ್ತಿ ಆರಿಸಿದ್ದು, ಹತ್ತು ಗಂಟೆ. ಗುಂಡಿ ಒತ್ತಿ ಆರಿಸಿದ್ದು, ಹತ್ತು ಗಂಟೆ. ಗುಂಡಿ ಒತ್ತಿ ಆರಿಸಿದ್ದು, ಹತ್ತು ಗಂಟೆ.

"ವೀರಣ್ಣ, ಇದು ರೋಗ ಅಲ್ಲ. ಯಾರೋ ಖುದ್ದ ಆರಸ್ಯಾರ. ಬರೋಬ್ಬರಿ ಹತ್ತಕ್ಕ."

ಧೂಳು ಅಂದೆ. ಅವನು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಹೌದು ಬಹಳ ಸ್ವಚ್ಛ ಇದೆ ಅಂದ.

ಇಪ್ಪತ್ತೆಂಟನೇ ತಾರೀಖು, ಕ್ಯಾಂಪಿನ ಮದುವೆಯ ದಿನ, ಅದು ಮಲಗಿಯೇ ಇಲ್ಲ. ಬೆಳಿಗ್ಗೆಯಿಂದ ಮರುದಿನದವರೆಗೆ ಎಚ್ಚರ. ಎರಡು ಸಲ ಓದಿಸಿದೆ.

ಇನ್ನೂ ಒಂದು ಇತ್ತು. ದಾದೇಸಾಬ ಚಹಾ ತರಿಸಿದ, ಕುಡಿದ, ಬಟ್ಟಲು ಕೆಳಗಿಟ್ಟ. ಹೇಳಲೋ ಬೇಡವೋ ಅಂತ ಲೆಕ್ಕ ಹಾಕುತ್ತಿದ್ದ ಅಂತ ಕಾಣುತ್ತದೆ.

"ಅಕ್ಕಾರು ಮಾರ್ಚನಾಗ ಇದಕ್ಕ ದೂರದಿಂದ ಎಬ್ಬಸೋದು ಮಾಡಿಟ್ಟಾರ. ಗುಂಡಿ ಒತ್ತಿ ಆರಿಸಿದ್ರ, ಗುರುಗುಂಟದಾಗ ಕುಂತು ಫೋನ್‌ನಾಗ ಒಂದು ಸಲ ಮುಟ್ಟಿದ್ರ ಸಾಕು, ತಾನ ಏಳತೈತಿ. ಏಪ್ರಿಲ್‌ನಾಗ ಎರಡು ಸಲ ಹಂಗ ಎಬ್ಬಸ್ಯಾರ. ಜೂನ್‌ನಾಗ ಒಂದು ಸಲಾನೂ ಎಬ್ಬಸಿಲ್ಲ."

ಏಕೆ ಅಂತ ಕೇಳಿದೆ. ಅದು ಕಂಪ್ಯೂಟರಿನ ವಿಷಯವಲ್ಲ, ನನಗೆ ಗೊತ್ತಿಲ್ಲ ಅಂದ.

ಬಸ್‌ಸ್ಟ್ಯಾಂಡಿನಿಂದ ರಂಜನಿಗೆ ಸಂದೇಶ ಕಳಿಸಿದೆ: ಒಂದು ಡಿಸ್ಕ್ ಕೆಟ್ಟಿದೆ, ಪೆಟ್ಟಿಗೆ ದಾದೇಸಾಬನ ಹತ್ತಿರ ಇದೆ, ಭಾನುವಾರದವರೆಗೆ ಮನೆಯಲ್ಲಿ ಇರುವುದಿಲ್ಲ. ಸರಿ ಅಂತ ಉತ್ತರ ಬಂತು. ಮಸ್ಕಿಯಲ್ಲಿ ಇಳಿಯುವುದನ್ನು ಮರೆತು ಒಂದು ಸ್ಟಾಪು ಮುಂದೆ ಹೋದೆ.

ಜುಲೈ 3, ಗುರುವಾರ

ಪೆಟ್ಟಿಗೆ ಇಲ್ಲ. ಫೋನ್ ಇಲ್ಲ. ಅವ್ವ ಗೂಡು ತೊಳೆದು, ಜೇಡರ ಬಲೆಯನ್ನೂ ತೆಗೆದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಗೋಡೆಗೆ ಹೇಳಿದಳು.

ಜುಲೈ 4, ಶುಕ್ರವಾರ

ಹತ್ತು ಗಂಟೆಗೆ ಫೋನ್ ಬಂತು.

"ರೀ, ಪೆಟ್ಟಿಗಿ ಮಲಗೇತೇನ್ರಿ?"

ಪೆಟ್ಟಿಗೆ ಸಿಂಧನೂರಿನಲ್ಲಿದೆ. ಅವಳಿಗೆ ನಾನೇ ತಿಳಿಸಿದ್ದೇನೆ. ಅವಳು ಸರಿ ಅಂದಿದ್ದಾಳೆ. ಗೂಡಿನಲ್ಲಿ ಅವ್ವ ಒಣಗಲು ಇಟ್ಟ ತಾಮ್ರದ ತಂಬಿಗೆ ಇತ್ತು. ಆ ತಂಬಿಗೆಯನ್ನು ಎತ್ತಿ ಪಕ್ಕಕ್ಕಿಟ್ಟೆ.

ಆಮೇಲೆ ಹೇಳಿದೆ. ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

"ಪೆಟ್ಟಿಗಿ ಇಲ್ಲಿಲ್ಲ ರಂಜನಿ. ಇಷ್ಟು ದಿನ ನಾನ ಬೇಕಂತ ಆರಸ್ತಿದ್ದೆ. ನೀ ಇಲ್ಲದ ಮನ್ಯಾಗ ನನಗ ಕುಂದ್ರಾಕ ಆಗವಲ್ದು. ಅವತ್ತು ಅಂದಿದ್ದು ತಪ್ಪಾತು."

"ಗೊತ್ತೈತಿ. ಗುಂಡಿ ಒತ್ತಿದ ಕೂಡ್ಲೆ ನನ್ನ ಫೋನಿಗೆ ಬರತೈತ್ರಿ, ಯಾರೋ ಗುಂಡಿ ಒತ್ತಿ ಆರಿಸ್ಯಾರಂತ. ಮೊದಲನೇ ದಿನದಿಂದ ಗೊತ್ತೈತಿ."

ಹಾಗಾದರೆ ನೀನೇ ಎಬ್ಬಿಸಬಹುದಿತ್ತಲ್ಲ ಅಂದೆ. ಎಬ್ಬಿಸಬಹುದಿತ್ತು ಅಂದಳು.

ಬಾ ಅಂದೆ. ಅವಳು ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಆಲ್ಬಮ್ಮಿನ ಪುಟ ತೂಗಿ ನೋಡುವಾಗಿನ ದನಿ ಅದು.

"ನನ್ನ ಕಿವ್ಯಾಗ ತಪ್ಪಾತು ಅಂದ್ರ ಏನು ಬಂತ್ರಿ? ನೀವು ಅಂದಿದ್ದು ಸಾವಕಾರರ ಮುಂದ. ಅಲ್ಲಿ ಅನ್ರಿ. ಆಮ್ಯಾಲೆ ಬರ್ತೀನಿ."

ಫೋನ್ ಇಟ್ಟಳು. ಇವತ್ತು ಪೂರ್ತಿ ಕೋಪದಲ್ಲಿದ್ದೆ. ಒಬ್ಬ ಗಂಡಸು ಬಸ್ಸು ಹತ್ತಿ ಇನ್ನೊಂದು ಊರಿಗೆ ಹೋಗಿ, ಬೀಜದ ಅಂಗಡಿಯಲ್ಲಿ ನಿಂತು ಇಂಥ ಮಾತು ಹೇಳುವುದೇ? ಗಿರಾಕಿಗಳ ಮುಂದೆ? ಮುಂದಿನ ವರ್ಷ ಸಾವಕಾರರ ಮಗನ ಮದುವೆಯೂ ಇದೆ. ಊಟ ಮಾಡದೆ ಮಲಗಿದೆ, ನಿದ್ದೆ ಬರಲಿಲ್ಲ, ಎದ್ದು ಊಟ ಮಾಡಿದೆ. ಆಗಲೂ ಕೋಪ ಇಳಿದಿರಲಿಲ್ಲ. ನಾಳೆ ಲಿಂಗಸೂಗೂರಿಗೆ ಮೊದಲ ಬಸ್ಸು ಎಷ್ಟಕ್ಕೆ ಅಂತ ಅವ್ವನನ್ನು ಕೇಳಿದೆ.

ಜುಲೈ 5, ಶನಿವಾರ. ಗುರುಗುಂಟದಿಂದ ಬಂದ ಮೇಲೆ

ಲಿಂಗಸೂಗೂರಿನ ಬೀಜದ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಳೆ ಬಿದ್ದಿದೆ, ಬಿತ್ತುವ ಸಮಯ. ಸಂಗನಬಸವ ಸಾವಕಾರರು ಗಲ್ಲೆಯ ಮೇಲೆ ಕೂತು ತೊಗರಿ ಬೀಜದ ಚೀಲ ಎಣಿಸಿ ಕೊಡಿಸುತ್ತಿದ್ದರು. ಮುಂದೆ ಇಪ್ಪತ್ತು ಮಂದಿ. ನಾನು ಸರತಿಯಲ್ಲಿ ನಿಂತೆ. ಮುಕ್ಕಾಲು ಗಂಟೆ ನಿಂತೆ. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಹನ್ನೊಂದು ಸಲ ಹೇಳಿಕೊಂಡೆ.

ನನ್ನ ಪಾಳಿ ಬಂತು. ಎಷ್ಟು ಚೀಲ ಅಂತ ಕೇಳಿದರು.

ಚೀಲ ಬೇಡ ಅಂದೆ. ನಾನು ಮಸ್ಕಿಯ ಫೋಟೋದ ವೀರೇಂದ್ರ. ನಿಮ್ಮ ಮಗಳ ಮದುವೆಯ ಆಲ್ಬಮ್ ಮಾಡಿದ್ದು ನನ್ನ ಹೆಂಡತಿ ಶಿವರಂಜನಿ. ಮೂರು ತಿಂಗಳು ಕೂತು ಮಾಡಿದ್ದಾಳೆ. ನಾನು ಅವತ್ತು ಮೌಸ್ ಒತ್ತುವ ಕೆಲಸ ಅಂದೆ, ಅದು ಸುಳ್ಳು. ನನ್ನ ಫೋಟೋಗಳು ಅಷ್ಟೇನೂ ಚಂದ ಇರಲಿಲ್ಲ, ಅವಳ ಕೈಯಲ್ಲಿ ಚಂದ ಆದವು.

ಸಾವಕಾರರು ಕನ್ನಡಕ ಮೇಲೆ ಸರಿಸಿ ನನ್ನನ್ನು ನೋಡಿದರು.

"ಯಾವ ಆಲ್ಬಮ್ರೀ?"

ನಿಮ್ಮ ಮಗಳ ಮದುವೆದು ಅಂದೆ. ಓ, ಅದು ಬೀಗರ ಮನೆಗೆ ಹೋಯಿತಲ್ಲ, ಈಗ ಅದರದ್ದೇನು ಅಂದರು. ನಾನು ಇನ್ನೊಮ್ಮೆ ಹೇಳಿದೆ, ಈ ಸಲ ಗಟ್ಟಿಯಾಗಿ. ಚೀಲ ತೂಗುತ್ತಿದ್ದ ಹಮಾಲ ಕೈ ನಿಲ್ಲಿಸಿದ. ನನ್ನ ಹಿಂದೆ ನಿಂತ ರೈತನೊಬ್ಬ, ಹೇಳಿದನಲ್ಲರೀ, ಆಲ್ಬಮ್ಮು ಹೆಂಡತಿ ಮಾಡಿದ್ದಂತೆ, ಆಯಿತು, ಈಗ ಸರಿಯಪ್ಪ, ನಮಗೆ ಹೊತ್ತಾಗುತ್ತದೆ ಅಂದ. ಸರಿದೆ.

ಗುರುಗುಂಟಕ್ಕೆ ಹನ್ನೆರಡರ ಬಸ್ಸು. ಮಾವ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು, ಕನ್ನಡಕವಿಲ್ಲದೆ. ಬರ್ರಿ ಅಳಿಯಂದಿರು ಅಂದರು, ನೀರು ಕೊಡಿಸಿದರು, ಬಂದ ಕಾರಣ ಕೇಳಲಿಲ್ಲ. ರಂಜನಿ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಬಡವಾಗಿದ್ದಾಳೆ. ಅಥವಾ ನಾನು ಸರಿಯಾಗಿ ನೋಡದೆ ಬಹಳ ವರ್ಷವಾಗಿತ್ತು.

ಹೇಳಿದಿರಾ ಅಂತ ಕೇಳಿದಳು. ಹೇಳಿದೆ ಅಂದೆ. ಎಷ್ಟು ಮಂದಿ ಇದ್ದರು? ಇಪ್ಪತ್ತು. ಏನಂತ ಹೇಳಿದಿರಿ? ಇದ್ದದ್ದು ಇದ್ದ ಹಾಗೇ ಹೇಳಿದೆ, ನನ್ನ ಫೋಟೋಗಳ ಬಗ್ಗೆ ಅಂದದ್ದನ್ನೂ ಬಿಡಲಿಲ್ಲ. ಅವಳ ಮುಖ ಸ್ವಲ್ಪ ಸಡಿಲಾಯಿತು.

"ಅದಕ್ಕ ಅವ್ರೇನಂದ್ರು?"

ಸುಳ್ಳು ಹೇಳಬಹುದಿತ್ತು. ಬಹಳ ಮೆಚ್ಚಿದರು ಅನ್ನಬಹುದಿತ್ತು. ಹೇಳಲಿಲ್ಲ.

"ಯಾವ ಆಲ್ಬಮ್ ಅಂದ್ರು."

ರಂಜನಿ ನೆಟ್ಟಗೆ ನಿಂತಳು.

"ಯಾವ ಆಲ್ಬಮ್ ಅಂದ್ರಾ? ಅವ್ರ ಮಗಳ ನತ್ತು ಒಂದೊಂದು ಫೋಟೋದಾಗ ಒಂದೊಂದು ಕಡೆ ತಿರುಗಿತ್ತು, ನೂರಾ ಹನ್ನೆರಡು ಕಡೆ ಸರಿ ಮಾಡೀನಿ. ಯಾವ ಆಲ್ಬಮ್ ಅಂತ ಕೇಳ್ತಾರ?"

ಹೌದು ನೋಡು ಅಂದೆ. ಅವರ ಬೀಗರ ಬೋಳುತಲೆಯ ಮೇಲೆ ಪೆಂಡಾಲಿನ ಲೈಟು ಹೊಳೆಯುತ್ತಿದ್ದದ್ದನ್ನೂ ಅವಳೇ ಅಳಿಸಿದ್ದಳಂತೆ, ಅದು ನನಗೂ ಗೊತ್ತಿರಲಿಲ್ಲ. ಅದನ್ನೆಲ್ಲ ಹೇಳುತ್ತಲೇ ಒಳಗೆ ಹೋದಳು, ಹೇಳುತ್ತಲೇ ಸೀರೆಗಳನ್ನು ಮಡಚಿದಳು, ಹೇಳುತ್ತಲೇ ಚೀಲ ತಂದು ನನ್ನ ಕೈಗೆ ಕೊಟ್ಟಳು. ಮಾವ ಪೇಪರ್ ಕೆಳಗಿಟ್ಟು ಬಸ್‌ಸ್ಟಾಪಿನವರೆಗೆ ಬಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು, ಚೀಲ ನನ್ನ ತೊಡೆಯ ಮೇಲೆ. ಲಿಂಗಸೂಗೂರು ಬರುವವರೆಗೂ ಇಬ್ಬರೂ ಸೇರಿ ಆ ಸಾವಕಾರರನ್ನು ಬೈದೆವು. ನಲವತ್ತೆರಡು ದಿನದಲ್ಲಿ ಇಷ್ಟು ಸುಖವಾಗಿ ನಾನು ಯಾರನ್ನೂ ಬೈದಿರಲಿಲ್ಲ.